ಸಿಎನ್‌ಸಿ ಮಿಲ್ಲಿಂಗ್ ಕಲಿತ ಬಗೆ: ಕೋಡ್‌ಗಿಂತ ಮೊದಲು ಸೊನ್ನೆ

ಸಿಎನ್‌ಸಿ ಮಿಲ್ಲಿಂಗ್ (ಕಂಪ್ಯೂಟರ್ ನಿಯಂತ್ರಣದಲ್ಲಿ, ತಿರುಗುವ ಟೂಲ್‌ನಿಂದ ಲೋಹ ಕತ್ತರಿಸುವುದು) ಕಲಿಯಲು ಬರುವವರು ಮೊದಲು ಕೇಳುವುದು ಜಿ-ಕೋಡ್‌ಗಳ, ಅಂದರೆ ಯಂತ್ರಕ್ಕೆ ಕೊಡುವ ಆದೇಶಗಳ ಪಟ್ಟಿಯನ್ನು. ನಾನೂ ಅದನ್ನೇ ಕೇಳಿದ್ದೆ. ಆ ಪಟ್ಟಿ ಒಂದೇ ಹಾಳೆಯಲ್ಲಿ ಮುಗಿಯುತ್ತದೆ. ಜಿ00 ವೇಗದ ಚಲನೆ, ಜಿ01 ಫೀಡ್‌ನಲ್ಲಿ (ಕತ್ತರಿಸುತ್ತಾ ಟೂಲ್ ಸಾಗುವ ವೇಗ) ನೇರ ಕಟಿಂಗ್, ಜಿ02 ಮತ್ತು ಜಿ03 ವೃತ್ತಖಂಡಗಳಿಗೆ, ಎಂ03 ಸ್ಪಿಂಡಲ್ (ಟೂಲ್ ಹಿಡಿದು ತಿರುಗುವ ಭಾಗ) ತಿರುಗಿಸಲು, ಎಂ06 ಟೂಲ್ ಬದಲಿಸಲು. ದಿನನಿತ್ಯದ ಕೆಲಸಕ್ಕೆ ಇಂಥ ಇಪ್ಪತ್ತು-ಮೂವತ್ತು ಆದೇಶಗಳು ಧಾರಾಳವಾಗಿ ಸಾಕು. ಕಷ್ಟವೆನಿಸಿದ್ದು ಬೇರೆ: ಯಂತ್ರ ಯಾವ ಬಿಂದುವನ್ನು ಸೊನ್ನೆ ಎಂದು ಹಿಡಿದಿದೆ ಎಂಬುದನ್ನು ಸದಾ ತಲೆಯಲ್ಲಿ ಇಟ್ಟುಕೊಳ್ಳುವುದು.

ಸೊನ್ನೆಗಳು ಒಂದಲ್ಲ, ಹಲವು. ಯಂತ್ರವನ್ನು ಚಾಲೂ ಮಾಡಿ ಹೋಮ್‌ಗೆ, ಅಂದರೆ ಅದರ ನಿಗದಿತ ಮೂಲಸ್ಥಾನಕ್ಕೆ ಕಳುಹಿಸಿದಾಗ ಅದು ತನ್ನದೇ ಸೊನ್ನೆಯನ್ನು ಗುರುತಿಸಿಕೊಳ್ಳುತ್ತದೆ. ನಮ್ಮ ಡ್ರಾಯಿಂಗ್‌ನ ಅಳತೆಗಳು ಶುರುವಾಗುವುದು ಜಾಬ್‌ನ (ಕತ್ತರಿಸಬೇಕಾದ ಲೋಹದ ತುಂಡು) ಒಂದು ಮೂಲೆಯಿಂದ ಅಥವಾ ಮಧ್ಯದಿಂದ. ಈ ಎರಡರ ನಡುವಿನ ದೂರವನ್ನು ಜಿ54ರಲ್ಲಿ ಬರೆದಿಡುತ್ತೇವೆ. ಇದರ ಮೇಲೆ ಪ್ರತಿ ಟೂಲ್‌ಗೂ ಅದರದೇ ಉದ್ದವಿದೆ. ಅದು ಎಚ್ ಸಂಖ್ಯೆಯಲ್ಲಿ ಕೂರುತ್ತದೆ, ಜಿ43 ಅದನ್ನು ಬಳಕೆಗೆ ತರುತ್ತದೆ. ಮೂರನೇ ಟೂಲ್ ಹಾಕಿ ಎಚ್2 ಎಂದು ಬರೆದರೂ ಯಂತ್ರ ತಕರಾರು ಎತ್ತದೆ ತಪ್ಪು ಉದ್ದದ ಲೆಕ್ಕದಲ್ಲಿ ಕೆಳಗಿಳಿಯುತ್ತದೆ. ಆದ್ದರಿಂದ ನನ್ನ ಪ್ರೋಗ್ರಾಂಗಳಲ್ಲಿ ಟೂಲ್ ಸಂಖ್ಯೆ, ಎಚ್ ಸಂಖ್ಯೆ, ವ್ಯಾಸಕ್ಕೆ ಸಂಬಂಧಿಸಿದ ಡಿ ಸಂಖ್ಯೆ ಮೂರೂ ಒಂದೇ. ಇದಕ್ಕೆ ವಿನಾಯಿತಿ ಕೊಡುವುದಿಲ್ಲ.

ಜಾಬ್‌ನ ಅಂಚು ಹುಡುಕಲು ನಾನು ಈಗಲೂ ಸ್ಪ್ರಿಂಗ್ ಇರುವ ಸಾದಾ ಎಡ್ಜ್ ಫೈಂಡರ್ ಬಳಸುತ್ತೇನೆ. ನಿಮಿಷಕ್ಕೆ 500ರ ಆಸುಪಾಸಿನ ಸುತ್ತಿನಲ್ಲಿ ಅಂಚಿನ ಕಡೆಗೆ ನಿಧಾನವಾಗಿ ತಂದರೆ ಓಲಾಡುತ್ತಿದ್ದ ತುದಿ ನೇರವಾಗುತ್ತದೆ, ಮರುಕ್ಷಣ ಪಕ್ಕಕ್ಕೆ ಜಾರುತ್ತದೆ. ಆ ಜಾಗವೇ ಅಂಚು. ತುದಿಯ ವ್ಯಾಸ 10 ಮಿ.ಮೀ. ಇದ್ದರೆ ಸ್ಪಿಂಡಲ್‌ನ ಮಧ್ಯ ಅಂಚಿನಿಂದ 5 ಮಿ.ಮೀ. ದೂರದಲ್ಲಿರುತ್ತದೆ. ಆ ಐದನ್ನು ಕೂಡಬೇಕೇ ಕಳೆಯಬೇಕೇ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯ ಲೆಕ್ಕವನ್ನು ಮತ್ತೆ ಮತ್ತೆ ಪರಿಶೀಲಿಸುವುದಲ್ಲ, ಯಂತ್ರವನ್ನೇ ಕೇಳುವುದು. ಕೈಯಿಂದ ಆದೇಶ ಕೊಡುವ ಎಂಡಿಐ ಸ್ಥಿತಿಯಲ್ಲಿ ಟೂಲ್ ಅನ್ನು ಜಿ54ರ ಎಕ್ಸ್0. ವೈ0.ಗೆ ಕಳುಹಿಸಿ, ಉದ್ದದ ಆಫ್‌ಸೆಟ್ (ಎಚ್‌ನಲ್ಲಿ ಬರೆದ ಅಳತೆ) ಸಮೇತ ಝಡ್50.0ಕ್ಕೆ ನಿಧಾನವಾಗಿ ಇಳಿಸುತ್ತೇನೆ. ಟೂಲ್ ಮೂಲೆಯ ನೇರ ಮೇಲಿದೆಯೇ, ತುದಿಯ ಕೆಳಗೆ ಉಕ್ಕಿನ ಸ್ಕೇಲ್ ಹಿಡಿದರೆ 50 ಮಿ.ಮೀ. ಸಿಗುತ್ತದೆಯೇ ನೋಡುತ್ತೇನೆ. ಸಿಕ್ಕರೆ ಮುಂದಿನ ಕೆಲಸ. ಒಂದು ನಿಮಿಷವೂ ಹಿಡಿಯದ ಈ ಪರೀಕ್ಷೆಯಷ್ಟು ಲಾಭದ ಅಭ್ಯಾಸ ಈ ವೃತ್ತಿಯಲ್ಲಿ ನನಗೆ ಬೇರೆ ಕಂಡಿಲ್ಲ.

ಮೇಲೆ ಎಕ್ಸ್0. ಎಂದು ಚುಕ್ಕಿ ಹಾಕಿ ಬರೆದದ್ದಕ್ಕೂ ಕಾರಣವಿದೆ. ಸೆಟ್ಟಿಂಗ್‌ಗೆ ತಕ್ಕಂತೆ, ಚುಕ್ಕಿಯಿಲ್ಲದ ಎಕ್ಸ್10 ಕೆಲವು ಕಂಟ್ರೋಲ್‌ಗಳಿಗೆ (ಯಂತ್ರ ನಡೆಸುವ ಕಂಪ್ಯೂಟರ್) 10 ಮಿ.ಮೀ., ಇನ್ನು ಕೆಲವಕ್ಕೆ 10 ಮೈಕ್ರಾನ್. ಸಾವಿರ ಪಟ್ಟು ವ್ಯತ್ಯಾಸ! ಹಳೆಯ ಕಾಲದ ಕುರುಹುಗಳು ಈ ಭಾಷೆಯಲ್ಲಿ ಇನ್ನೂ ಹಲವಿವೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದಾಗ ಆದೇಶಗಳಿದ್ದದ್ದು ತೂತು ಹೊಡೆದ ಟೇಪಿನಲ್ಲಿ. ಇಂದಿಗೂ ಪ್ರೋಗ್ರಾಂನ ಮೊದಲಿಗೂ ಕೊನೆಗೂ ಬರುವ ಶೇಕಡಾ ಚಿಹ್ನೆ ಟೇಪ್ ಯುಗದ್ದೇ.

ವೈಸ್ (ಜಾಬ್ ಬಿಗಿದು ಹಿಡಿಯುವ ಸಾಧನ) ಕೂರಿಸುವುದನ್ನು ಪುಸ್ತಕಗಳು ಎರಡು ಸಾಲಿನಲ್ಲಿ ಮುಗಿಸುತ್ತವೆ. ಕೈಗೆ ಬರಲು ಅದು ಕೋಡ್‌ಗಿಂತ ಹೆಚ್ಚು ಸಮಯ ತೆಗೆದುಕೊಂಡಿತು. ಸೂಕ್ಷ್ಮ ವ್ಯತ್ಯಾಸ ತೋರಿಸುವ ಮುಳ್ಳಿನ ಡಯಲ್ ಅನ್ನು ಸ್ಪಿಂಡಲ್‌ಗೆ ಸಿಕ್ಕಿಸಿ ವೈಸ್‌ನ ಚಲಿಸದ ದವಡೆಯ ಉದ್ದಕ್ಕೂ ಓಡಿಸಬೇಕು, ಒಂದು ಬೋಲ್ಟ್ ಬಿಗಿಯಾಗಿ, ಇನ್ನೊಂದು ಅರೆಬಿಗಿಯಾಗಿ ಇರಬೇಕು, ಮುಳ್ಳು 0.01 ಮಿ.ಮೀ. ಒಳಗೆ ನಿಲ್ಲುವ ತನಕ ಮೆದು ಸುತ್ತಿಗೆಯಿಂದ ತಟ್ಟಬೇಕು. ಜಾಬ್‌ನ ಅಂಚಿನಲ್ಲಿ ಎದ್ದು ನಿಂತ ಲೋಹದ ಚೂಪುಗಳನ್ನು ಅರದಿಂದ ತೆಗೆದು, ಪ್ಯಾರಲಲ್‌ಗಳ (ಒಂದೇ ಎತ್ತರದ ಉಕ್ಕಿನ ಪಟ್ಟಿಗಳು) ಮೇಲಿಟ್ಟು ಬಿಗಿದಾಗ ಚಲಿಸುವ ದವಡೆ ಜಾಬ್ ಅನ್ನು ಕೊಂಚ ಮೇಲಕ್ಕೆ ಎತ್ತುತ್ತದೆ. ಮೇಲಿನಿಂದ ತಟ್ಟಿ ಕೂರಿಸಿದ ಮೇಲೆ ಪ್ಯಾರಲಲ್‌ಗಳನ್ನು ಬೆರಳಿನಿಂದ ಅಲುಗಿಸಿ ನೋಡುತ್ತೇನೆ. ಅಲುಗಿದರೆ ಜಾಬ್ ಕೂತಿಲ್ಲ ಎಂದೇ ಅರ್ಥ.

ಸುತ್ತು ಮತ್ತು ಫೀಡ್‌ಗೆ ಸೂತ್ರವಿದೆ: ಕಟಿಂಗ್ ವೇಗವನ್ನು ಸಾವಿರದಿಂದ ಗುಣಿಸಿ, ಪೈ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಬೇಕು. ಅಲ್ಯೂಮಿನಿಯಂಗೆ 10 ಮಿ.ಮೀ. ಕಾರ್ಬೈಡ್ ಎಂಡ್‌ಮಿಲ್ (ಮಿಲ್ಲಿಂಗ್ ಟೂಲ್) ಹಾಕಿ ನಿಮಿಷಕ್ಕೆ 200 ಮೀಟರ್ ವೇಗ ಹಿಡಿದರೆ ಸುಮಾರು 6,370 ಸುತ್ತು ಬರುತ್ತದೆ. ಮೂರು ಹಲ್ಲು, ಹಲ್ಲಿಗೆ 0.05 ಮಿ.ಮೀ. ಎಂದರೆ ಫೀಡ್ ನಿಮಿಷಕ್ಕೆ 955 ಮಿ.ಮೀ. ಹೊಸಬರ ಕೈ ಸಹಜವಾಗಿ ಫೀಡ್ ಕಡಿಮೆ ಮಾಡುವ ಗುಂಡಿಯ ಕಡೆಗೆ ಹೋಗುತ್ತದೆ. ಫೀಡ್ ತೀರಾ ಇಳಿದರೆ ಹಲ್ಲು ಲೋಹವನ್ನು ಕತ್ತರಿಸುವ ಬದಲು ಉಜ್ಜುತ್ತದೆ, ಬಿಸಿ ಏರುತ್ತದೆ, ಅಂಚು ಬೇಗ ಮೊಂಡಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಉಜ್ಜಿದ ಮೇಲ್ಮೈ ಇನ್ನಷ್ಟು ಗಡುಸಾಗಿ ಮುಂದಿನ ಕಟ್‌ಗೆ ಅಡ್ಡ ನಿಲ್ಲುತ್ತದೆ. ಭಯವಿದ್ದರೆ ಕಟ್‌ನ ಆಳ ಕಡಿಮೆ ಮಾಡಿ, ಹಲ್ಲಿಗೆ ಸಿಗಬೇಕಾದ ಪಾಲನ್ನಲ್ಲ.

ಕೀರಲು ಸದ್ದು ಬಂದರೆ ಮೊದಲು ನೋಡಬೇಕಾದದ್ದು ಟೂಲ್ ಹೋಲ್ಡರ್‌ನಿಂದ ಎಷ್ಟು ಹೊರಗಿದೆ ಎಂಬುದನ್ನು. ಹೊರಚಾಚಿದ ಉದ್ದ ದುಪ್ಪಟ್ಟಾದರೆ ಟೂಲ್ ಬಾಗುವುದು ಎಂಟು ಪಟ್ಟಾಗುತ್ತದೆ. ಇದು ತಿಳಿದ ಮೇಲೆ, ಕೆಲಸಕ್ಕೆ ಬೇಕಾದ ಉದ್ದಕ್ಕಿಂತ ಒಂದೆರಡು ಮಿ.ಮೀ. ಮಾತ್ರ ಹೆಚ್ಚು ಬಿಟ್ಟು ಬಿಗಿಯುವುದು ರೂಢಿಯಾಯಿತು.

ಮೊದಮೊದಲು ಪ್ರೋಗ್ರಾಂಗಳನ್ನು ಕೈಯಿಂದಲೇ ಬರೆದೆ. ಪ್ರೋಗ್ರಾಂ ತಾನೇ ಬರೆದುಕೊಡುವ ಕ್ಯಾಮ್ ತಂತ್ರಾಂಶ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಕ್ಯಾಮ್ ಕೊಟ್ಟ ಸಾವಿರಾರು ಸಾಲುಗಳಲ್ಲಿ ನಾನು ಓದಲೇಬೇಕಾದದ್ದು ಪ್ರತಿ ಟೂಲ್‌ನ ಮೊದಲ ಹತ್ತು ಸಾಲು. ಆಯತಾಕಾರದ ಪಾಕೆಟ್ (ಕೊರೆದ ತಗ್ಗು), ನಾಲ್ಕು ತೂತು ಇರುವ ಒಂದು ತಟ್ಟೆಗೆ ಕೈಯಾರೆ ಪ್ರೋಗ್ರಾಂ ಬರೆಯದವರಿಗೆ ಆ ಹತ್ತು ಸಾಲು ಓದಲು ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಶುರುವಿನಲ್ಲಿ ಜಿ21 ಜಿ17 ಜಿ40 ಜಿ49 ಜಿ80 ಜಿ90 ಎಂಬ ಸಾಲು ಇರಲೇಬೇಕು. ಹಿಂದಿನ ಪ್ರೋಗ್ರಾಂ ಉಳಿಸಿಹೋದ ಸ್ಥಿತಿಗಳನ್ನು ಅದು ಅಳಿಸುತ್ತದೆ. ಇನ್ನೊಂದು ಸಂಗತಿ ಕೋಡ್ ಓದಿದರೂ ಹೊಳೆಯುವುದಿಲ್ಲ. ಎಷ್ಟೋ ಯಂತ್ರಗಳಲ್ಲಿ ಜಿ00 ಚಲನೆ ನೇರ ಗೆರೆಯಲ್ಲಿ ಸಾಗುವುದಿಲ್ಲ. ಪ್ರತಿ ಅಕ್ಷವೂ ತನ್ನ ಪೂರ್ಣ ವೇಗದಲ್ಲಿ ಓಡುವುದರಿಂದ ದಾರಿ ಮಧ್ಯದಲ್ಲಿ ಮುರಿಯುತ್ತದೆ. ನೇರ ದಾರಿಯಲ್ಲಿ ಇಲ್ಲದ ಕ್ಲಾಂಪ್ ಆ ಮುರಿದ ದಾರಿಯಲ್ಲಿ ಸಿಗಬಹುದು.

ಹೊಸ ಪ್ರೋಗ್ರಾಂನ ಮೊದಲ ಓಟವನ್ನು ಸಿಂಗಲ್ ಬ್ಲಾಕ್‌ನಲ್ಲಿ (ಒಂದು ಸಲಕ್ಕೆ ಒಂದೇ ಸಾಲು), ವೇಗದ ಚಲನೆಯನ್ನು ಕನಿಷ್ಠಕ್ಕೆ ಇಳಿಸಿ, ಒಂದು ಕೈಯನ್ನು ಚಲನೆ ನಿಲ್ಲಿಸುವ ಫೀಡ್ ಹೋಲ್ಡ್ ಗುಂಡಿಯ ಮೇಲಿಟ್ಟು ನಡೆಸುತ್ತೇನೆ. ಪರದೆಯಲ್ಲಿ ನನ್ನ ಕಣ್ಣು ಇರುವುದು 'ಇನ್ನೆಷ್ಟು ದೂರ ಹೋಗಬೇಕು' ಎಂಬ ಸಾಲಿನ ಮೇಲೆ. ಟೂಲ್ ಜಾಬ್‌ಗಿಂತ ಐದಾರು ಮಿ.ಮೀ. ಮೇಲಿರುವಂತೆ ಕಂಡಾಗ ನಿಲ್ಲಿಸುತ್ತೇನೆ. ಪರದೆ ಇನ್ನೂ 40 ಮಿ.ಮೀ. ಬಾಕಿ ಎನ್ನುತ್ತಿದ್ದರೆ ಯಾವುದೋ ಸೊನ್ನೆ ತಪ್ಪಿದೆ. ಕಾರಣ ಹುಡುಕುವುದು ಟೂಲ್ ಮೇಲೆತ್ತಿದ ನಂತರ. ಸ್ಪಿಂಡಲ್ ತಿರುಗುವಾಗ ಕೈಗವಸು ಹಾಕಿಕೊಂಡು ಹತ್ತಿರ ಹೋಗುವುದಂತೂ ಕೂಡದು. ಬಟ್ಟೆ ಸಿಕ್ಕಿಕೊಂಡರೆ ಕೈಯೂ ಹೋಗುತ್ತದೆ.

ಅಳತೆಯ ವಿಷಯಕ್ಕೆ ಬಂದರೆ, ಪಾಕೆಟ್ ಸಾಮಾನ್ಯವಾಗಿ ಡ್ರಾಯಿಂಗ್‌ಗಿಂತ ಚಿಕ್ಕದಾಗಿಯೇ ಬರುತ್ತದೆ, ಏಕೆಂದರೆ ಟೂಲ್ ಗೋಡೆಯಿಂದ ದೂರಕ್ಕೆ ಬಾಗುತ್ತದೆ. 30 ಮಿ.ಮೀ. ಅಗಲ ಇರಬೇಕಾದಲ್ಲಿ 29.94 ಸಿಕ್ಕಿತು ಎನ್ನೋಣ. ಪ್ರತಿ ಗೋಡೆಗೂ 0.03 ಉಳಿದಿದೆ. ಡಿ ಆಫ್‌ಸೆಟ್‌ನಲ್ಲಿ ತ್ರಿಜ್ಯ ಬರೆಯುವ ಕಂಟ್ರೋಲ್ ಆದರೆ 0.03, ವ್ಯಾಸ ಬರೆಯುವುದಾದರೆ 0.06 ಕಡಿಮೆ ಮಾಡಿ ಫಿನಿಷಿಂಗ್ ಸುತ್ತನ್ನು ಮತ್ತೆ ಓಡಿಸಿದರೆ ಸಾಕು, ಪ್ರೋಗ್ರಾಂ ಮುಟ್ಟಬೇಕಿಲ್ಲ. ಈ ಸೌಲಭ್ಯಕ್ಕಾಗಿಯೇ ಫಿನಿಷಿಂಗ್ ಅನ್ನು ಜಿ41ರಲ್ಲಿ (ಡಿ ಅಳತೆಗೆ ತಕ್ಕಂತೆ ಟೂಲ್‌ನ ದಾರಿಯನ್ನು ಪಕ್ಕಕ್ಕೆ ಸರಿಸುವ ಆದೇಶ) ಬರೆಯುತ್ತೇನೆ. ಅದು ಜಾರಿಗೆ ಬರುವ ಸಾಲು ವೃತ್ತಖಂಡವಾಗದೆ ನೇರ ಚಲನೆಯಾಗಿರಬೇಕು, ಟೂಲ್‌ನ ತ್ರಿಜ್ಯಕ್ಕಿಂತ ಉದ್ದವೂ ಇರಬೇಕು. ಬಿಸಿ ಜಾಬ್‌ನ ಅಳತೆಯನ್ನು ನಂಬಬೇಡಿ: 100 ಮಿ.ಮೀ. ಉದ್ದದ ಅಲ್ಯೂಮಿನಿಯಂ 10 ಡಿಗ್ರಿ ಬಿಸಿಯಾದರೆ ಸುಮಾರು 0.023 ಮಿ.ಮೀ. ಹಿಗ್ಗಿರುತ್ತದೆ.

ನಾನು ಕೊನೆಗೆ ಧೈರ್ಯ ಮಾಡಿದ್ದು ಟ್ಯಾಪಿಂಗ್‌ಗೆ, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವುದಕ್ಕೆ. ಲೆಕ್ಕ ಸರಳ: ಸುತ್ತು ಗುಣಿಸು ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ದೂರ). 6 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್‌ನ ಥ್ರೆಡ್‌ಗೆ 400 ಸುತ್ತಾದರೆ ಫೀಡ್ ಕೂಡ 400, ಅದಕ್ಕೂ ಮುಂಚೆ 5 ಮಿ.ಮೀ. ಡ್ರಿಲ್. ತೊಂದರೆ ಇರುವುದು ಆರಪಾರ ಹೋಗದ ತೂತಿನ ತಳದಲ್ಲಿ. ಡ್ರಿಲ್‌ನ ಚೂಪು ತುದಿಗೇ ಸುಮಾರು 1.5 ಮಿ.ಮೀ. ಹೋಗುತ್ತದೆ, ಟ್ಯಾಪ್‌ನ ಮೊದಲ ನಾಲ್ಕೈದು ಹಲ್ಲುಗಳು ಪೂರ್ಣ ಥ್ರೆಡ್ ಕೊಡುವುದಿಲ್ಲ. ಹಾಗಾಗಿ 12 ಮಿ.ಮೀ. ಆಳದ ಥ್ರೆಡ್ ಬೇಕೆಂದರೆ ಡ್ರಿಲ್ ಅನ್ನು 18 ಮಿ.ಮೀ. ಇಳಿಸುತ್ತೇನೆ. ಅಷ್ಟು ಲೋಹ ಕೆಳಗಿಲ್ಲದಿದ್ದರೆ ಯಂತ್ರ ಚಾಲೂ ಮಾಡುವ ಮೊದಲೇ ಡ್ರಾಯಿಂಗ್ ಬರೆದವರ ಹತ್ತಿರ ಹೋಗಿ, ಥ್ರೆಡ್ ಆಳ ಕಡಿಮೆ ಮಾಡಬಹುದೇ ಎಂದು ಕೇಳುತ್ತೇನೆ. ಬಹುತೇಕ ಸಲ ಅವರು ಒಪ್ಪುತ್ತಾರೆ.