ಡ್ರೋನ್ ವಿಡಿಯೋ ಮೇಲೆ ಹಾರಾಟದ ಅಂಕಿಗಳು: ಬೀಟಾಫ್ಲೈಟ್ ಓಎಸ್‌ಡಿ ಜೋಡಿಸುವ ಬಗೆ

ಐದಿಂಚಿನ ಪ್ರೊಪೆಲ್ಲರ್‌ನ ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾದ ಚಿತ್ರವನ್ನು ಕಣ್ಣಿಗೆ ಕಟ್ಟಿದ ಗಾಗಲ್‌ನಲ್ಲಿ ನೋಡುತ್ತ ಹಾರಿಸುವಂಥದ್ದು), 4ಎಸ್ ಅಂದರೆ ನಾಲ್ಕು ಸೆಲ್‌ನ ಲಿಪೋ ಬ್ಯಾಟರಿ, ಅನಲಾಗ್ ಕ್ಯಾಮೆರಾ. ಇಷ್ಟಿದ್ದರೆ ಓಎಸ್‌ಡಿಗೆಂದು, ಅಂದರೆ ಚಿತ್ರದ ಮೇಲೆ ಅಂಕಿ ಮೂಡಿಸಲೆಂದು, ಬೇರೆ ಬೋರ್ಡ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬೀಟಾಫ್ಲೈಟ್ ಎಂಬ ಹಾರಾಟ ನಿಯಂತ್ರಿಸುವ ಸಾಫ್ಟ್‌ವೇರ್ ಹಾಕಿದ ಫ್ಲೈಟ್ ಕಂಟ್ರೋಲರ್ ಬೋರ್ಡ್‌ನಲ್ಲೇ ಎಟಿ7456ಇ ಅಥವಾ ಮ್ಯಾಕ್ಸ್7456 ಚಿಪ್ ಇದೆಯೇ ಎಂದು ನೋಡಿ; ಡಿಜಿಟಲ್ ವಿಡಿಯೋಗೆಂದೇ ಮಾಡಿದ ಕೆಲವು ಬೋರ್ಡ್‌ಗಳಲ್ಲಿ ಅದು ಇರುವುದಿಲ್ಲ. ಕ್ಯಾಮೆರಾದ ಚಿತ್ರ ಈ ಚಿಪ್ ಹಾದು, ಮೇಲೆ ಅಕ್ಷರ ಕೂರಿಸಿಕೊಂಡು ವಿಡಿಯೋ ಟ್ರಾನ್ಸ್‌ಮಿಟರ್‌ಗೆ (ವಿಟಿಎಕ್ಸ್) ಹೋಗುತ್ತದೆ. ಆದ್ದರಿಂದ ಗಾಗಲ್‌ನಲ್ಲೇ ಆಗುವ ಡಿವಿಆರ್ ರೆಕಾರ್ಡಿಂಗ್‌ನಲ್ಲಿ ಅಂಕಿಗಳು ಬರುತ್ತವೆ, ಡ್ರೋನ್ ಮೇಲೆ ಕಟ್ಟಿದ ಆಕ್ಷನ್ ಕ್ಯಾಮೆರಾದಲ್ಲಿ ಬರುವುದಿಲ್ಲ.

ಕ್ಯಾಮೆರಾದ ವಿಡಿಯೋ ವೈರನ್ನು ಬೋರ್ಡಿನ ಕ್ಯಾಮ್ ಪ್ಯಾಡ್‌ಗೂ, ಟ್ರಾನ್ಸ್‌ಮಿಟರ್‌ನದನ್ನು ವಿಟಿಎಕ್ಸ್ ಪ್ಯಾಡ್‌ಗೂ ಬೆಸುಗೆ ಹಾಕಿ. ಎರಡರ ಗ್ರೌಂಡೂ ಆಯಾ ಪ್ಯಾಡ್‌ನ ಪಕ್ಕದಲ್ಲೇ ಸೇರಲಿ. ಗ್ರೌಂಡ್ ದೂರ ಹೋದರೆ ಥ್ರಾಟಲ್ ಏರಿಸಿದಾಗ ಚಿತ್ರದಲ್ಲಿ ಅಡ್ಡ ಗೆರೆಗಳು ಹರಿದಾಡುತ್ತವೆ. ಬ್ಯಾಟರಿ ಪ್ಯಾಡ್‌ಗಳ ಮೇಲೆ 35 ವೋಲ್ಟ್, 1000 ಮೈಕ್ರೋಫ್ಯಾರಡ್‌ನ ಲೋ ಇಎಸ್‌ಆರ್ (ಒಳರೋಧ ಕಡಿಮೆಯಿರುವ) ಕೆಪಾಸಿಟರ್ ಹಾಕಿದರೆ ಇದು ಬಹಳಮಟ್ಟಿಗೆ ತಗ್ಗುತ್ತದೆ. ಆಂಟೆನಾ ಸಿಕ್ಕಿಸದೆ ಟ್ರಾನ್ಸ್‌ಮಿಟರ್‌ಗೆ ಕರೆಂಟ್ ಕೊಡಬೇಡಿ, ಸುಟ್ಟುಹೋಗಬಹುದು.

ಮುಂದಿನದು ಬೀಟಾಫ್ಲೈಟ್ ಸೆಟ್ಟಿಂಗ್ ಬದಲಿಸುವ ಕಾನ್ಫಿಗರೇಟರ್‌ನ ಕೆಲಸ. ಪ್ರೊಪೆಲ್ಲರ್ ಬಿಚ್ಚಿಟ್ಟು ಓಎಸ್‌ಡಿ ಫೀಚರ್ ಆನ್ ಮಾಡಿ, ಓಎಸ್‌ಡಿ ಟ್ಯಾಬ್ ತೆರೆಯಿರಿ. ವಿಡಿಯೋ ಫಾರ್ಮ್ಯಾಟನ್ನು ಆಟೋಗೆ ಬಿಡುವ ಬದಲು ಕ್ಯಾಮೆರಾ ಮೆನುವಿನಲ್ಲೂ ಇಲ್ಲೂ ಪಾಲ್ (PAL) ಎಂದೇ ಇಡಿ. ಪಾಲ್‌ನಲ್ಲಿ ಅಕ್ಷರಗಳ 16 ಸಾಲು, ಇನ್ನೊಂದು ಫಾರ್ಮ್ಯಾಟ್ ಎನ್‌ಟಿಎಸ್‌ಸಿಯಲ್ಲಿ (NTSC) 13. ಪಾಲ್‌ಗೆ ಜೋಡಿಸಿದ ಪರದೆ ಎನ್‌ಟಿಎಸ್‌ಸಿಯಲ್ಲಿ ತೆರೆದರೆ ಕೆಳಗಿನ ಸಾಲುಗಳೇ ಕಾಣುವುದಿಲ್ಲ, ಬ್ಯಾಟರಿ ಅಂಕಿ ಇರುವುದು ಹೆಚ್ಚಾಗಿ ಅಲ್ಲಿಯೇ. ಅಕ್ಷರದ ಬದಲು ವಿಚಿತ್ರ ಚಿಹ್ನೆಗಳು ಬಂದರೆ ಫಾಂಟ್ ಮ್ಯಾನೇಜರ್‌ನಿಂದ ಫಾಂಟನ್ನು ಮತ್ತೆ ಅಪ್‌ಲೋಡ್ ಮಾಡಿ. ಆಗ ಲಿಪೋ ಕೂಡ ಸಿಕ್ಕಿಸಿರಬೇಕು. ಹಲವು ಬೋರ್ಡ್‌ಗಳಲ್ಲಿ ಯುಎಸ್‌ಬಿಯ ಕರೆಂಟ್ ಓಎಸ್‌ಡಿ ಚಿಪ್‌ಗೆ ತಲುಪುವುದಿಲ್ಲ.

ಅಂಕಿ ಬರುತ್ತಿದೆ, ಹಿಂದೆ ಚಿತ್ರವಿಲ್ಲ ಎಂದರೆ ಕ್ಯಾಮೆರಾ ಕಡೆಯ ವೈರ್ ನೋಡಿ. ಚಿತ್ರವಿದೆ, ಅಂಕಿಯಿಲ್ಲ ಎಂದರೆ ಕ್ಯಾಮೆರಾ ನೇರವಾಗಿ ಟ್ರಾನ್ಸ್‌ಮಿಟರ್‌ಗೆ ಹೋಗಿದೆಯೇ ಎಂಬುದು ಮೊದಲ ಅನುಮಾನ.

ಪರದೆ ತುಂಬ ಅಂಕಿ ತುಂಬುವ ಚಪಲ ಎಲ್ಲರಿಗೂ ಇರುತ್ತದೆ. ಸೆಲ್‌ನ ಸರಾಸರಿ ವೋಲ್ಟೇಜ್, ಒಟ್ಟು ವೋಲ್ಟೇಜ್, ಬಳಸಿದ ಎಂಎಎಚ್ (ಬ್ಯಾಟರಿಯಿಂದ ಖರ್ಚಾದ ಚಾರ್ಜ್), ಹಾರಾಟದ ಸಮಯ, ಲಿಂಕ್ ಕ್ವಾಲಿಟಿ (ರಿಮೋಟ್ ಸಂಪರ್ಕದ ಗುಣಮಟ್ಟ), ವಾರ್ನಿಂಗ್ಸ್ ಸಾಕು. ಜಿಪಿಎಸ್ ಇದ್ದರೆ ಹಾರಿಸಿದ ಜಾಗದ ದಿಕ್ಕಿನ ಬಾಣ ಮತ್ತು ದೂರ. ನಡುವಿನ ಜಾಗ ಖಾಲಿಯಿರಲಿ. ಗಾಗಲ್ ಅಂಚನ್ನು ಕತ್ತರಿಸುವುದರಿಂದ ಸುತ್ತಲೂ ಒಂದು ಸಾಲು ಬಿಡಿ.

ಇನ್ನು ಅಂಕಿ ನಿಜ ಹೇಳುವಂತೆ ಮಾಡುವುದು. ಬಹುಪಾಲು ಜನ ಬಿಟ್ಟುಬಿಡುವ ಹಂತ ಇದೇ. ಲಿಪೋದ ವೋಲ್ಟೇಜನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಮೀಟರ್ 16.4, ಪರದೆ 16.0 ಎಂದರೆ ಈಗಿನ ವೋಲ್ಟೇಜ್ ಸ್ಕೇಲ್ (ಅಳತೆ ಸರಿಹೊಂದಿಸುವ ಸೆಟ್ಟಿಂಗ್) 110 ಆಗಿದ್ದರೆ ಅದನ್ನು 16.4ರಿಂದ ಗುಣಿಸಿ 16.0ರಿಂದ ಭಾಗಿಸಿ: ಹೊಸ ಸ್ಕೇಲ್ 113. ಕರೆಂಟ್ ಸೆನ್ಸರ್‌ಗೆ ಲೆಕ್ಕ ಬೇರೆ. ತುಂಬಿದ ಬ್ಯಾಟರಿಯಲ್ಲಿ ಹಾರಿಸಿ, ಪರದೆಯ ಎಂಎಎಚ್ ಬರೆದಿಟ್ಟು, ಮತ್ತೆ ತುಂಬಲು ಚಾರ್ಜರ್ ಎಷ್ಟು ಹಾಕಿತು ನೋಡಿ. ಪರದೆ 1000, ಚಾರ್ಜರ್ 800 ಆದರೆ ಸ್ಕೇಲ್ 400 ಇದ್ದದ್ದು 500 ಆಗಬೇಕು. ಇಲ್ಲಿ ಸ್ಕೇಲ್ ಏರಿದರೆ ಅಂಕಿ ಇಳಿಯುತ್ತದೆ.

ಒಟ್ಟು ವೋಲ್ಟೇಜ್ ಏಕೆ ಬೇಕೆಂದರೆ, ಬೀಟಾಫ್ಲೈಟ್ ಬ್ಯಾಟರಿ ಸಿಕ್ಕಿಸಿದಾಗಿನ ವೋಲ್ಟೇಜ್ ನೋಡಿ ಸೆಲ್ ಎಷ್ಟೆಂದು ಊಹಿಸುತ್ತದೆ. ಈ ಊಹೆಗೆ ಅದು ಹಿಡಿಯುವ ಸೆಲ್‌ನ ಗರಿಷ್ಠ ಮಿತಿ 4.3 ವೋಲ್ಟ್. ಹಾರಿಸಿ ಮುಗಿಸಿದ 4ಎಸ್ ಪ್ಯಾಕ್ 12.8 ವೋಲ್ಟ್‌ನಲ್ಲಿದ್ದು, ಅದನ್ನೇ ತಪ್ಪಿ ಸಿಕ್ಕಿಸಿದರೆ ಮೂರು ಸೆಲ್ ಎಂದುಕೊಳ್ಳುತ್ತದೆ. ಪರದೆಯಲ್ಲಿ ಸೆಲ್‌ಗೆ 4.27 ವೋಲ್ಟ್, ತುಂಬಿದ ಬ್ಯಾಟರಿಯಂತೆ! ಸದಾ 4ಎಸ್ ಬಳಸುವವರು ಕಾನ್ಫಿಗರೇಟರ್‌ನ ಸಿಎಲ್‌ಐ (ಆಜ್ಞೆ ಟೈಪ್ ಮಾಡುವ) ಟ್ಯಾಬ್‌ನಲ್ಲಿ ಫೋರ್ಸ್ ಬ್ಯಾಟರಿ ಸೆಲ್ ಕೌಂಟ್ ಅನ್ನು 4ಕ್ಕೆ ಇಟ್ಟು ಸೇವ್ ಮಾಡಿ. ಬ್ಯಾಟರಿ ಎಚ್ಚರಿಕೆ ಮೊದಲೇ ಇಟ್ಟಿರುವ (ಡಿಫಾಲ್ಟ್) ಮಿತಿಯಲ್ಲೇ, ಸೆಲ್‌ಗೆ 3.5 ವೋಲ್ಟ್‌ಗೆ ಬರಲಿ. ಜೋರಾಗಿ ಥ್ರಾಟಲ್ ಕೊಟ್ಟಾಗ ಕ್ಷಣಕಾಲ ಮಿನುಗಿ ಹೋದರೆ ಅದು ಸ್ಯಾಗ್, ಅಂದರೆ ಹೊರೆಯಿಂದ ವೋಲ್ಟೇಜ್ ತಾತ್ಕಾಲಿಕವಾಗಿ ಕುಸಿದದ್ದು. ಥ್ರಾಟಲ್ ಇಳಿಸಿದ ಮೇಲೂ ಮಿನುಗುತ್ತಿದ್ದರೆ ಡ್ರೋನನ್ನು ನೆಲಕ್ಕಿಳಿಸಿ.