ಶರಸೇತುವಿನ ಕೃಷ್ಣನ ಅರ್ಥ ಹೇಳುವಾಗ

ಶಿರಸಿ ಸೀಮೆಯಲ್ಲಿ ‘ಶರಸೇತು ಬಂಧನ’ ತಾಳಮದ್ದಳೆ (ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಇಟ್ಟುಕೊಂಡರೆ ನನ್ನ ಪಾಲಿಗೆ ಹೆಚ್ಚಾಗಿ ಬರುವುದು ಮಾರುವೇಷದ ಕೃಷ್ಣನಾದ ವೃದ್ಧ ವಿಪ್ರ, ಕೊನೆಗೆ ನಿಜರೂಪದ ಕೃಷ್ಣ. ಪಾತ್ರದ ಮಾತನ್ನು ಆಶುವಾಗಿ ಆಡುವುದಕ್ಕೇ ಇಲ್ಲಿ ಅರ್ಥ ಹೇಳುವುದು ಎನ್ನುತ್ತಾರೆ. ಅರ್ಜುನ ಬಾಣಗಳಿಂದ ಕಟ್ಟಿದ ಸೇತುವೆಯನ್ನು ಹನುಮಂತ ಮುರಿಯಬಲ್ಲನೇ ಎಂದು ಅವರಿಬ್ಬರು ಕಟ್ಟುವ ಪಂಥವೇ ಕಥೆ. ಪ್ರಸಂಗ ಮುಗಿಯುವುದು ರಾಮ, ಕೃಷ್ಣ ಒಬ್ಬನೇ ಎಂಬ ಮಾತಿನಲ್ಲಿ. ಆ ಮಾತಿಗೆ ಹನುಮಂತ, ಅರ್ಜುನರಿಬ್ಬರೂ ತಾವಾಗಿಯೇ ಬಂದು ಮುಟ್ಟುವಂತೆ ಮಾಡುವುದೇ ಈ ಪಾತ್ರದ ಕೆಲಸ.

ಅದನ್ನು ನಾನು ಕಲಿತದ್ದು ಶಿರಸಿ ಬಳಿಯ ಸೋಂದೆಯಿಂದ. ಅದೊಂದೇ ಊರಿನ ಆಸುಪಾಸಿನಲ್ಲಿ ಅದ್ವೈತದ ಸ್ವರ್ಣವಲ್ಲಿ ಮಠ, ದ್ವೈತದ ವಾದಿರಾಜ ಮಠ, ಜೈನ ಮಠ ಮೂರೂ ಇವೆ. ಜೀವ, ಬ್ರಹ್ಮ ಒಂದೇ ಎನ್ನುವವರು, ಎಂದೆಂದಿಗೂ ಬೇರೆ ಎನ್ನುವವರು, ಸತ್ಯಕ್ಕೆ ಹಲವು ಮುಖ ಎನ್ನುವವರು. ಎಲ್ಲರದ್ದೂ ಒಂದೇ ಮಾತು ಎಂದು ಅರ್ಥದಲ್ಲಿ ತೇಲಿಸಿಬಿಟ್ಟರೆ ಮೂವರಿಗೂ ಅನ್ಯಾಯ. ಯುಕ್ತಿಮಲ್ಲಿಕಾ ಎಂಬ ಗ್ರಂಥದಲ್ಲಿ ಪಟ್ಟು ಹಿಡಿದು ಭೇದವನ್ನು ಸಾಧಿಸಿದ ವಾದಿರಾಜರೇ ಮದುವೆಮನೆಯಲ್ಲಿ ಹಾಡುವ ಲಕ್ಷ್ಮೀ ಶೋಭಾನೆಯನ್ನೂ ರಚಿಸಿದರು. ತರ್ಕ, ಭಕ್ತಿ, ಹಾಡು ಅವರಲ್ಲಿ ಕೂಡಿದವು, ವಾದವನ್ನೂ ಅವರು ಬಿಟ್ಟುಕೊಡಲಿಲ್ಲ. ನಾನು ನಂಬುವ ಏಕತೆ ಅಂಥದ್ದು.

ಹಾಗಾಗಿ ವಿಪ್ರನ ಪೀಠಿಕೆ ಚಿಕ್ಕದಾಗಿ ಮುಗಿಸುತ್ತೇನೆ. ಸೋತು ಅಗ್ನಿಪ್ರವೇಶಕ್ಕೆ ಹೊರಟ ಅರ್ಜುನನಿಗೂ, ಸೇತುವೆ ಮುರಿದು ಗೆದ್ದ ಹನುಮಂತನಿಗೂ ಕೇಳುವುದು ಒಂದೇ: “ನಿಮ್ಮ ಪಂಥಕ್ಕೆ ಸಾಕ್ಷಿ ಯಾರಿದ್ದರು?” ಗೆದ್ದವನಿಗೂ ಸೋತವನಿಗೂ ಒಂದೇ ನ್ಯಾಯ ಎಂಬ ರಾಜನೀತಿ ಇಲ್ಲಿಗೆ ಬಂತು. ಸಂಧಾನದ ಕೃಷ್ಣ ಐದು ಊರಾದರೂ ಕೊಡು ಎಂದು ಕೇಳುವುದರ ಹಿಂದಿರುವುದೂ ಇದೇ ನೀತಿ. ಪಾಲು ಕೊಡದೆ ಒಗ್ಗಟ್ಟಿನ ಮಾತಾಡುವುದು ದುರ್ಯೋಧನನ ಪಕ್ಷ.

ಎದುರಿನ ಅರ್ಥಧಾರಿ ಗಟ್ಟಿಗರಾದಷ್ಟೂ ನನಗೆ ಸಂತೋಷ. ಒಮ್ಮೆ ಹನುಮಂತನಾಗಿ ಕೂತ ಹಿರಿಯರು ಪಟ್ಟು ಸಡಿಲಿಸಲೇ ಇಲ್ಲ. “ತತ್ತ್ವ ಒಂದೇ ಇರಲಿ ಸ್ವಾಮಿ, ನನ್ನ ಕಣ್ಣಿಗೆ ಕೋದಂಡ ಹಿಡಿದವನೇ ಬೇಕು.” ನಾನು ವಾದ ಬೆಳೆಸಲಿಲ್ಲ. “ಬೇಡವೆಂದವರು ಯಾರು ಆಂಜನೇಯ? ನೋಡು” ಎಂದೆ. ಭಾಗವತರು ಪದ್ಯ ಎತ್ತಿಕೊಂಡರು, ಮದ್ದಳೆ ಸೇರಿತು. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಕೃಷ್ಣ ರಾಮನಾಗುವುದು ಹಾಡಿನಲ್ಲೇ ಆಗಬೇಕು. ಅಂದು ಆಯಿತು. ಹಿರಿಯರು ಕೈಮುಗಿದರು. ನಮ್ಮಿಬ್ಬರ ಅಷ್ಟೂ ಹೊತ್ತಿನ ವಾದ ಇಲ್ಲದಿದ್ದರೆ ಆ ಪದ್ಯ ಅಷ್ಟು ಏರುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಹನುಮಂತ ಆಮೇಲೆ ಪಾರ್ಥನ ಧ್ವಜದಲ್ಲಿ ನೆಲೆಸುತ್ತಾನೆ, ರಾಮದಾಸನಾಗಿಯೇ. ಈ ಕೃಷ್ಣನ ಅರ್ಥ ಕಲಿಯಬೇಕೆಂದು ಬರುವ ಹುಡುಗರಿಗೆ ನಾನು ಮೊದಲು ಹನುಮಂತನ ಅರ್ಥ ಹೇಳಿಸುತ್ತೇನೆ, ಆಮೇಲೆ ಅರ್ಜುನನದ್ದು. ಇಬ್ಬರ ಪರವಾಗಿಯೂ ಸೋಲದಂತೆ ವಾದಿಸಲು ಬಂದವರಿಗೆ ಕೃಷ್ಣನ ಪದ್ಯಗಳನ್ನು ಬರೆದುಕೊಡುತ್ತೇನೆ.