ನಡುವೆ ಕಂಬ ಇರುವ ಉಯ್ಯಾಲೆ

ನಮ್ಮ ಹಿತ್ತಲಿನ ಉಯ್ಯಾಲೆಯಲ್ಲಿ ಇಬ್ಬರು ಕೂರಬಹುದು. ಆದರೆ ಇಬ್ಬರ ನಡುವೆ ಒಂದು ಕಬ್ಬಿಣದ ಕಂಬ ಇದೆ. ಬಂದವರೆಲ್ಲ ಮೊದಲು ಕೇಳುವುದು ಅದರ ಬಗ್ಗೆಯೇ.

ಅದು ಹಳೇ ಸ್ಕೀ ಚೇರ್‌ಲಿಫ್ಟಿನ ಕುರ್ಚಿ, ರಿಬ್ಲೆಟ್ ಕಂಪನಿಯದು. ಹಿಮದ ಮೇಲೆ ಜಾರಿ ಇಳಿಯುವ ಸ್ಕೀ ಆಟದವರನ್ನು, ಉಕ್ಕಿನ ಹಗ್ಗಕ್ಕೆ ನೇತುಹಾಕಿದ ಕುರ್ಚಿಗಳಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವುದೇ ಚೇರ್‌ಲಿಫ್ಟ್. ಆ ಕಂಪನಿ ಇದ್ದದ್ದು ನಾನಿರುವ ಸ್ಪೋಕೇನ್‌ನಲ್ಲೇ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ. ಮೊದಲು ಗಣಿಗಳಿಂದ ಅದಿರು ಸಾಗಿಸುವ ರೋಪ್‌ವೇ ಕಟ್ಟುತ್ತಿದ್ದವರು, ಆಮೇಲೆ ಮನುಷ್ಯರನ್ನೂ ಹತ್ತಿಸತೊಡಗಿದರು. 1939ರಲ್ಲಿ ಆರೆಗಾನ್‌ನ ಮೌಂಟ್ ಹುಡ್ ಮೇಲೆ ಮ್ಯಾಜಿಕ್ ಮೈಲ್ ಲಿಫ್ಟ್ ಕಟ್ಟಿದ್ದು ಇವರೇ. 2003ರಲ್ಲಿ ಬಾಗಿಲು ಹಾಕಿದರು.

ನನ್ನ ಸ್ಕೀ ಅಷ್ಟಕ್ಕಷ್ಟೇ. ನಿಜ ಹೇಳಬೇಕೆಂದರೆ, ಇಳಿಯುವುದಕ್ಕಿಂತ ಹತ್ತುವುದೇ ನನಗೆ ಖುಷಿ. ಮೌಂಟ್ ಸ್ಪೋಕೇನ್‌ನ ರಿಬ್ಲೆಟ್ ಲಿಫ್ಟಿನಲ್ಲಿ ಮೊದಲ ಸಲ ಕೂತಾಗಲೇ ಒಂದು ವಿಷಯ ಗಮನಕ್ಕೆ ಬಂತು. ಟವರ್‌ನ ರಾಟೆಗಳ ಮೇಲೆ ಹಾದು ಹೋಗುವಾಗ ಕುರ್ಚಿ ಅಷ್ಟಾಗಿ ಕುಲುಕುವುದಿಲ್ಲ. ಬೇರೆ ಲಿಫ್ಟುಗಳಲ್ಲಿ ಹಗ್ಗವನ್ನು ಹೊರಗಿನಿಂದ ಕಚ್ಚಿ ಹಿಡಿಯುವ ಹಿಡಿಕೆ ಇರುತ್ತದೆ. ಅದು ರಾಟೆ ಹತ್ತುವಾಗ ಟಕ್ ಟಕ್ ಅನ್ನುತ್ತದೆ. ರಿಬ್ಲೆಟ್‌ನವರು ಉಕ್ಕಿನ ಹಗ್ಗದ ಎಳೆಗಳನ್ನು ಬಿಡಿಸಿ, ನಡುವೆ ಕುರ್ಚಿ ನೇತಾಡುವ ಕ್ಲಿಪ್ ತೂರಿಸಿಬಿಡುತ್ತಿದ್ದರು. ಜಡೆಯೊಳಗೆ ಕುಚ್ಚು ಸೇರಿಸಿ ಹೆಣೆದ ಹಾಗೆ. ರಾಟೆಗೆ ಸಿಗುವುದು ಹೆಚ್ಚುಕಡಿಮೆ ಬರೀ ಹಗ್ಗವೇ. ಆದರೆ ಕ್ಲಿಪ್‌ಗಳ ಜಾಗ ಆಗಾಗ ಬದಲಿಸಬೇಕು, ಇಲ್ಲದಿದ್ದರೆ ಹಗ್ಗ ಒಂದೇ ಕಡೆ ಸವೆಯುತ್ತದೆ. ಪ್ರತಿ ಸಲವೂ ಎಳೆ ಬಿಡಿಸಿ, ಹೊಸ ಜಾಗದಲ್ಲಿ ತೂರಿಸುವ ಕೆಲಸ. ಆ ಕೈಚಳಕ ಇರುವವರು ಈಗ ಜಾಸ್ತಿ ಇಲ್ಲ.

ಒಂದು ಬೆಟ್ಟದವರು ಹಳೇ ಲಿಫ್ಟ್ ಬಿಚ್ಚಿ ಕುರ್ಚಿಗಳನ್ನು ಮಾರಿದಾಗ ನಾನೂ ಒಂದು ತಂದೆ. ಕ್ಲಿಪ್ ಸಿಗಲಿಲ್ಲ, ಅದು ಹಗ್ಗದ ಜೊತೆ ಗುಜರಿಗೆ ಹೋಗಿತ್ತು. ಸಾಣೆ ಹಿಡಿಯುವ ಮುಂಚೆ ಬಣ್ಣದಲ್ಲಿ ಸೀಸ ಇದೆಯಾ ಅಂತ ಪರೀಕ್ಷೆ ಮಾಡಿದೆ. ಇತ್ತು. ಹಾಗಾಗಿ ಮಾಸ್ಕ್ ಹಾಕಿಕೊಂಡು, ನೀರು ಹಾಕಿ ಒದ್ದೆಯಾಗಿಯೇ ಉಜ್ಜಿದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಎರಡು ದಿನ ಕಾದೆ. ಆದರೂ ಎರಡು ಮುರಿದವು. ಸೀಟಿನ ಹಲಗೆಗಳನ್ನು ಹೊಸದಾಗಿ ಹಾಕಿದೆ.

ಕಷ್ಟ ಬಂದದ್ದು ನೇತುಹಾಕುವಾಗ. ಕುರ್ಚಿಗಿಂತ ಕಂಬವೇ ಉದ್ದ, ಅದಕ್ಕೇ ಹತ್ತು ಅಡಿ ಎತ್ತರದ ತೊಲೆ ಬೇಕಾಯಿತು. ಕಂಬ ಕತ್ತರಿಸು, ಸುಲಭ ಆಗುತ್ತೆ ಅಂತ ಗೆಳೆಯರು ಹೇಳಿದರು. ನನಗೆ ಮನಸ್ಸಾಗಲಿಲ್ಲ. ಕಂಬ ಕತ್ತರಿಸಿದ ಮೇಲೆ ಅದು ಬರೀ ಬೆಂಚು, ಅಲ್ವಾ?

ಮೊದಲು ಒಂದು ಕೊಂಡಿಗೆ ಸಿಕ್ಕಿಸಿದೆ. ಮಗಳು ಕೂತಳು, ಕುರ್ಚಿ ಬುಗುರಿ ಹಾಗೆ ಗಿರ್ರನೆ ತಿರುಗಿತು! ಒಂದೇ ಕಂಬ, ಒಂದೇ ಕೊಂಡಿ, ತಿರುಗದೆ ಇನ್ನೇನು ಮಾಡುತ್ತದೆ. ಲಿಫ್ಟಿನಲ್ಲಿ ಯಾಕೆ ತಿರುಗುವುದಿಲ್ಲ ಅಂತ ಹಳೇ ಫೋಟೋಗಳನ್ನು ನೋಡುತ್ತಾ ಕೂತೆ. ಅಲ್ಲಿ ಕಂಬದ ತಲೆಯಲ್ಲಿ ಅಡ್ಡಕ್ಕೆ ಒಂದು ಪಿನ್ ಇದೆ. ಹಿಂದೆ ಮುಂದೆ ತೂಗಲು ಮಾತ್ರ ಅದು ಬಿಡುತ್ತದೆ. ಬೆಟ್ಟ ಎಷ್ಟೇ ಕಡಿದಾಗಿದ್ದರೂ ಕುರ್ಚಿ ನೆಟ್ಟಗೆ ಇರುವುದು ಇದರಿಂದಲೇ. ತೊಲೆಯ ಕೆಳಗೆ ಎರಡು ದಪ್ಪ ತಗಡು ಕೂರಿಸಿ, ಅಡ್ಡ ಪಿನ್ ಹಾಕಿ, ಅದರ ಸುತ್ತ ಬಳೆಯಂಥ ಕಂಚಿನ ಬುಷ್ ಇಟ್ಟೆ. ತಿರುಗುವುದೂ ನಿಂತಿತು, ಕಿರುಗುಟ್ಟುವುದೂ ನಿಂತಿತು.

ಹೋದ ಬೇಸಿಗೆಯಲ್ಲಿ ಅಮ್ಮ ತುಮಕೂರಿನಿಂದ ಬಂದಿದ್ದರು. "ನಡುವೆ ಕಂಬ ಯಾಕೋ? ಗಂಡ ಹೆಂಡತಿ ಜಗಳ ಆಡಿದ್ದಾಗ ಕೂರೋಕಾ?" ಅಂದರು. ಒಬ್ಬರೇ ಕೂತರೆ ಒಂದು ಕಡೆ ವಾಲುತ್ತದೆ ಅಂದೆ. ಅಮ್ಮ ಒಳಗೆ ಹೋಗಿ ಬಟಾಣಿ ಬುಟ್ಟಿ, ಅದರ ಜೊತೆ ಒಂದು ಅಕ್ಕಿ ಮೂಟೆಯನ್ನೂ ತರಿಸಿಕೊಂಡರು. ಮೂಟೆಯನ್ನು ಆ ಕಡೆ ಕೂರಿಸಿ, ಈ ಕಡೆ ತಾವು ಕೂತು ಬಟಾಣಿ ಸುಲಿಯತೊಡಗಿದರು.